ತೋಳದ ಬೇಟೆಯಲ್ಲಿ ರೇವನ್‌ನ ಪಾಲು

ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗಾಗಿಯೇ ವನ್ಯಜೀವಿಧಾಮ ಘೋಷಣೆಯಾದ ಮೇಲೆ ನಮ್ಮ ಕೊಪ್ಪಳ ಸೀಮೆಯಲ್ಲಿ ತೋಳದ ಮಾತು ಹೆಚ್ಚಾಗಿದೆ. ಆದರೆ ಉತ್ತರದ ಹಿಮನಾಡುಗಳಲ್ಲಿ ತೋಳದ ಬೆನ್ನು ಹತ್ತಿಯೇ ಬದುಕುವ ಹಕ್ಕಿಯೊಂದಿದೆ ಎಂಬುದು ಇಲ್ಲಿ ಹೆಚ್ಚು ಜನರಿಗೆ ತಿಳಿದಿಲ್ಲ. ಅದು ರೇವನ್, ಕಾಗೆಯ ಕುಲದ್ದೇ, ನಮ್ಮ ಕಾಡುಕಾಗೆಗಿಂತ ದೊಡ್ಡದು. ಭಾರತದಲ್ಲಿ ಹಿಮಾಲಯದಲ್ಲೂ ವಾಯವ್ಯದ ಒಣನೆಲದಲ್ಲೂ ಇದೆ, ನಮ್ಮ ಬಯಲುಸೀಮೆಯಲ್ಲಿಲ್ಲ.

ರೇವನ್‌ನ ಕೊಕ್ಕು ಎಷ್ಟೇ ಬಲವಾಗಿದ್ದರೂ ಎಲ್ಕ್‌ನಂತಹ ದೊಡ್ಡ ಜಿಂಕೆಯ ದಪ್ಪ ಚರ್ಮವನ್ನು ಸೀಳಲಾರದು. ಆ ಕೆಲಸಕ್ಕೆ ತೋಳದ ಹಲ್ಲೇ ಬೇಕು. ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ 1926ರ ಹೊತ್ತಿಗೆ ತೋಳಗಳನ್ನು ಕೊಂದು ಮುಗಿಸಿದ್ದರು. 1995 ಮತ್ತು 1996ರಲ್ಲಿ ಕೆನಡಾದಿಂದ 31 ತೋಳಗಳನ್ನು ತಂದು ಬಿಟ್ಟ ಮೇಲೆ, ರೇವನ್‌ಗಳು ಅವುಗಳ ಜೊತೆ ಸೇರಲು ತಡಮಾಡಲಿಲ್ಲ. ಸ್ಟಾಲರ್, ಹೈನ್ರಿಕ್ ಮತ್ತು ಸ್ಮಿತ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಳಿಗಾಲದಲ್ಲಿ ರೇವನ್‌ಗಳು ಕೊಯೊಟೆ ಎಂಬ ನರಿಯಂಥ ಪ್ರಾಣಿಗಳಿಗಿಂತಲೂ ಎಲ್ಕ್‌ಗಳಿಗಿಂತಲೂ ತೋಳಗಳ ಸಮೀಪದಲ್ಲೇ ಹೆಚ್ಚಾಗಿ ಕಂಡವು. ತೋಳಗಳು ಓಡಾಡುವಾಗ, ಮಲಗಿದಾಗ, ಬೇಟೆಯಾಡುವಾಗ ಕೂಡ. ತೋಳವಿಲ್ಲದೆ ತಾವಾಗಿಯೇ ಸಿಕ್ಕ ಹೆಣದ ಬಳಿಗೆ ಹೋಗಲು ಅವು ಹಿಂಜರಿದವು. ತೋಳವಿದ್ದರೆ ಅವುಗಳಿಗೆ ಧೈರ್ಯ ಎಂದೇ ನಾನು ಇದನ್ನು ಅರ್ಥಮಾಡಿಕೊಂಡಿದ್ದೇನೆ.

ತೋಳಮರಿಗಳ ಬಾಲ ಜಗ್ಗಿ ಆಡುವ ರೇವನ್‌ಗಳನ್ನು ಕಂಡವರಿದ್ದಾರೆ. ಹಾಗೆಂದು ಇದನ್ನು ಬರಿಯ ಸ್ನೇಹವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ, ಏಕೆಂದರೆ ಹಕ್ಕಿ ತಿಂದಷ್ಟೂ ತೋಳಕ್ಕೆ ನಷ್ಟವೇ. ರೇವನ್ ಹೊಟ್ಟೆ ತುಂಬಿಸಿಕೊಂಡು ಸುಮ್ಮನಾಗುವುದಿಲ್ಲ. ಮಾಂಸದ ತುಣುಕುಗಳನ್ನು ಹೊತ್ತೊಯ್ದು ಅಲ್ಲಲ್ಲಿ ಬಚ್ಚಿಟ್ಟು ಮತ್ತೆ ಬರುತ್ತದೆ. ಅಮೆರಿಕದ ಸುಪೀರಿಯರ್ ಸರೋವರದ ಐಲ್ ರಾಯಲ್ ದ್ವೀಪದಲ್ಲಿ ತೋಳಗಳು ಮೂಸ್ ಎಂಬ ಭಾರಿ ಪ್ರಾಣಿಯನ್ನು ಬೇಟೆಯಾಡುತ್ತವೆ. ಒಂದು ಜೋಡಿಯೇ ಅದನ್ನು ಉರುಳಿಸಬಲ್ಲದಾದರೆ ದೊಡ್ಡ ಗುಂಪು ಕಟ್ಟಿ ಪಾಲು ಹಂಚುವುದೇಕೆ? ವುಸೆಟಿಚ್ ಮತ್ತು ಸಂಗಡಿಗರು 2004ರಲ್ಲಿ ಕೊಟ್ಟ ಉತ್ತರ ನನಗೆ ಬಹಳ ಹಿಡಿಸಿತು: ಗುಂಪು ದೊಡ್ಡದಾದಷ್ಟೂ ಮಾಂಸ ಬೇಗ ಮುಗಿಯುತ್ತದೆ, ರೇವನ್‌ಗಳ ಪಾಲಾಗುವುದು ಕಡಿಮೆಯಾಗುತ್ತದೆ. ಹೀಗೆ ನೋಡಿದರೆ ತೋಳದ ಸಂಸಾರದ ಗಾತ್ರದಲ್ಲೇ ಈ ಹಕ್ಕಿಯ ಕೈವಾಡವಿದೆ.

ನಮ್ಮ ತೋಳದ ಬೇಟೆ ಹೆಚ್ಚಾಗಿ ಕುರಿ, ಮೇಕೆ, ಮೊಲದಂಥವು; ಅವು ಬೇಗ ಮುಗಿದುಹೋಗುತ್ತವೆ, ಆದ್ದರಿಂದ ಇಲ್ಲಿ ಅಷ್ಟು ಗಾಢವಾದ ನಂಟು ಬೆಳೆದಿರಲಾರದು ಎಂಬುದು ನನ್ನ ಊಹೆ. ಆದರೂ ಕಾಡುಕಾಗೆಯೂ ಹೆಣ ತಿನ್ನುವ ಹಕ್ಕಿಯೇ. ತೋಳ ಮುರಿದ ಕುರಿಯ ಮೇಲೆ ಅದು ಎಷ್ಟು ಹೊತ್ತಿಗೆ ಇಳಿಯುತ್ತದೆ, ತೋಳ ಅದನ್ನು ಓಡಿಸುತ್ತದೆಯೇ ಎಂಬುದನ್ನು ಬಂಕಾಪುರದ ಸುತ್ತಲಿನ ಕುರಿಗಾಹಿಗಳಿಂದ ಕೇಳಿ ಬರೆದಿಡುವ ಕೆಲಸ ಆಗಬೇಕಾಗಿದೆ.