ಗಾಡ್ಜಿಲ್ಲಾ ಸಿನಿಮಾ ನೋಡದೆ ‘ಮೊನಾರ್ಕ್’ ನೋಡಬಹುದಾ?

‘ಮೊನಾರ್ಕ್: ಲೆಗಸಿ ಆಫ್ ಮಾನ್‌ಸ್ಟರ್ಸ್’ ನೋಡಿ ಅಂತ ಮಂಗಳೂರಿನಲ್ಲಿ ಯಾರಿಗೆ ಹೇಳಿದರೂ ಮರುಪ್ರಶ್ನೆ ಒಂದೇ. “ಗಾಡ್ಜಿಲ್ಲಾ ಸಿನಿಮಾ ಒಂದೂ ನೋಡಿಲ್ಲ ಮಾರಾಯ್ರೆ. ಸೀದಾ ಸೀರೀಸ್ ನೋಡಿದ್ರೆ ಅರ್ಥ ಆಗ್ತದಾ?”

ಖಂಡಿತ ಆಗ್ತದೆ. ಆಪಲ್ ಟಿವಿಯಲ್ಲಿ 2023ರಲ್ಲಿ ಬಂದ ಮೊದಲ ಸೀಸನ್, 10 ಕಂತು. ಮೊದಲ ಕಂತಿನಿಂದಲೇ ಶುರುಮಾಡಿ.

ಹಿನ್ನೆಲೆ ಇಷ್ಟು ಸಾಕು. ಕತೆಯ ಪ್ರಕಾರ 2014ರಲ್ಲಿ ಗಾಡ್ಜಿಲ್ಲಾ ಮತ್ತು ಇತರ ದೈತ್ಯ ಪ್ರಾಣಿಗಳ ಕಾದಾಟದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಹಾಳಾಗಿದೆ. ಅವುಗಳ ಬೆನ್ನುಹತ್ತಿದ ಗುಟ್ಟಿನ ಸಂಸ್ಥೆ ಮೊನಾರ್ಕ್. ಆ ದಿನ ಬದುಕಿ ಉಳಿದ ಟೀಚರ್ ಕೇಟ್, ಕಾಣೆಯಾದ ಅಪ್ಪನ ಮನೆ ಹುಡುಕಿ ಮರುವರ್ಷ ಟೋಕಿಯೋಗೆ ಹೋಗುತ್ತಾಳೆ. ಅಲ್ಲಿ ಅಪ್ಪನಿಗೆ ಇನ್ನೊಂದು ಸಂಸಾರ! ಅಪ್ಪ ಯಾರು, ಮೊನಾರ್ಕ್ ಏನು, ಅವಳಿಗೂ ಗೊತ್ತಿಲ್ಲ. ಹಾಗಾಗಿ ಹೊಸಬರು ಅವಳ ಜೊತೆಜೊತೆಗೇ ಎಲ್ಲವನ್ನೂ ತಿಳಿದುಕೊಳ್ಳುತ್ತಾರೆ. ನನಗೆ ಕೇಳಿದರೆ ಏನೂ ಗೊತ್ತಿಲ್ಲದೆ ನೋಡುವುದೇ ಜಾಸ್ತಿ ಚೆಂದ.

ಕತೆ 1950ರ ದಶಕಕ್ಕೂ 2015ಕ್ಕೂ ಹೋಗಿ ಬಂದು ಮಾಡುತ್ತದೆ. ಲೀ ಶಾ ಎಂಬ ಒಬ್ಬನೇ ಸೈನಿಕನನ್ನು ಮುದುಕನಾಗಿ ಕರ್ಟ್ ರಸೆಲ್, ಯುವಕನಾಗಿ ಅವರ ಮಗ ವಯಟ್ ರಸೆಲ್ ಮಾಡಿದ್ದಾರೆ. ಇದೊಂದು ನೆನಪಿದ್ದರೆ ಗೊಂದಲ ಇಲ್ಲ. ಜಪಾನಿ ಮಾತು ಬಹಳ ಇದೆ, ಸಬ್‌ಟೈಟಲ್ ಹಾಕಿಕೊಳ್ಳಿ.

“ಗಾಡ್ಜಿಲ್ಲಾ ಕಾಣುವುದೇ ಅಪರೂಪ ಅಲ್ವಾ?” ಎಂಬ ದೂರೂ ಬರುತ್ತದೆ. ಹೌದು, ಕಡಿಮೆಯೇ. ಆದರೆ ನಾವು ಯಕ್ಷಗಾನದ ಆಟ ನೋಡಿ ಬೆಳೆದವರು. ರಕ್ಕಸನ ಬಣ್ಣದ ವೇಷ ತೆರೆಯ ಹಿಂದೆ ಅಬ್ಬರಿಸುತ್ತದೆ, ರಾಳದ ಹುಡಿಗೆ ದೊಂದಿ ಭಗ್ಗೆನ್ನುತ್ತದೆ, ಮುಖ ಮಾತ್ರ ಬೇಗ ಕಾಣುವುದಿಲ್ಲ. ಆ ಕಾಯುವಿಕೆಯಲ್ಲೇ ವೇಷ ದೊಡ್ಡದಾಗುವುದು. ಈ ಸೀರೀಸ್ ಹಿಡಿದಿರುವುದೂ ಅದೇ ದಾರಿ. ಪ್ರಾಣಿ ಬಂದುಹೋದ ಮೇಲೆ ಜನ ಹೇಗೆ ಬದುಕುತ್ತಾರೆ ಎನ್ನುವುದನ್ನು ತಾಳ್ಮೆಯಿಂದ ತೋರಿಸುತ್ತದೆ. ಟೋಕಿಯೋ ಬೀದಿಯಲ್ಲಿ ಗಾಡ್ಜಿಲ್ಲಾ ಬಂದರೆ ಎತ್ತ ಓಡಬೇಕೆಂಬ ಬೋರ್ಡುಗಳಿವೆ. ಸೇತುವೆಯ ಮೇಲೆ ತನ್ನ ಶಾಲೆಯ ಮಕ್ಕಳಿಗೆ ಆದದ್ದು ಕೇಟ್‌ಳನ್ನು ಬಿಡುವುದೇ ಇಲ್ಲ.

ಮುಗಿಸಿದ ಮೇಲೆ ಇನ್ನೂ ಬೇಕೆನಿಸಿದರೆ 2014ರ ‘ಗಾಡ್ಜಿಲ್ಲಾ’ ನೋಡಿ. ಆಮೇಲೆ ದಯವಿಟ್ಟು 1954ರ ಜಪಾನಿ ಕಪ್ಪು-ಬಿಳುಪು ಚಿತ್ರ, ಇಶಿರೋ ಹೋಂಡಾ ನಿರ್ದೇಶನದ್ದು. ಅದೇ ವರ್ಷದ ಮಾರ್ಚ್ 1ರಂದು ಬಿಕಿನಿ ದ್ವೀಪದಲ್ಲಿ ಅಮೆರಿಕ ಹೈಡ್ರೋಜನ್ ಬಾಂಬ್ ಸಿಡಿಸಿತ್ತು. ಅದರ ವಿಷದ ಬೂದಿ ‘ಲಕ್ಕಿ ಡ್ರ್ಯಾಗನ್ 5’ ಎಂಬ ಜಪಾನಿ ಮೀನುಗಾರಿಕಾ ಬೋಟಿನ 23 ಮಂದಿಯ ಮೇಲೆ ಬಿತ್ತು. ಕೆಲವೇ ತಿಂಗಳಲ್ಲಿ ಬಂದ ಚಿತ್ರ ಶುರುವಾಗುವುದೂ ಸಮುದ್ರದ ನಡುವೆ ಹೊತ್ತಿ ಉರಿಯುವ ಹಡಗಿನಿಂದ. ಹೋದವರ ಸುದ್ದಿ ಕೇಳಲು ಮನೆಯವರು ಕಚೇರಿಗೆ ಮುಗಿಬೀಳುತ್ತಾರೆ. ಮಂಗಳೂರಿನ ದಕ್ಕೆಯಲ್ಲೋ ಮಲ್ಪೆಯಲ್ಲೋ ತಮ್ಮವರ ಬೋಟಿಗೆ ಕಾದವರಿಗೆ ಈ ದೃಶ್ಯವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.