ಎಂಟನೇ ತರಗತಿಯ ಹೊಸ ಬೆಂಚು
ಕರ್ನಾಟಕದಲ್ಲಿ ಹೈಸ್ಕೂಲು ಎಂಟನೇ ತರಗತಿಯಿಂದ ಆರಂಭವಾಗುವುದರಿಂದ, ಏಳನೆಯವರೆಗೆ ಊರಿನ ಸರ್ಕಾರಿ ಶಾಲೆಯ ಕನ್ನಡ ಮಾಧ್ಯಮದಲ್ಲಿ ಓದಿದ ನನ್ನಂಥವರು ಹದಿಮೂರರ ವಯಸ್ಸಿಗೇ ತಾಲ್ಲೂಕು ಕೇಂದ್ರದ ಇಂಗ್ಲಿಷ್ ಮಾಧ್ಯಮಕ್ಕೆ ಬಂದು ಬೀಳುತ್ತಿದ್ದೆವು. ದ್ಯುತಿಸಂಶ್ಲೇಷಣೆ ಎಂದರೇನೆಂದು ಚೆನ್ನಾಗಿ ಗೊತ್ತಿದ್ದರೂ ‘ಫೋಟೋಸಿಂಥೆಸಿಸ್’ ಎನ್ನಲು ನಾಲಿಗೆ ತಡವರಿಸಿದಾಗ ಮುಂದಿನ ಬೆಂಚುಗಳಿಂದ ಕೇಳಿಬರುತ್ತಿದ್ದ ನಗು, ಅಂಕಗಳಿಗಿಂತ ಹೆಚ್ಚಾಗಿ ತರಗತಿಯಲ್ಲಿ ನಮ್ಮ ಸ್ಥಾನವನ್ನು ನಿರ್ಧರಿಸುತ್ತಿತ್ತು. ನಕ್ಕವರನ್ನು ಕೆಟ್ಟವರೆನ್ನಲಾರೆ, ಗುಂಪಿನಿಂದ ಹೊರಬೀಳುವ ಭಯ ಅವರಿಗೂ ಇತ್ತು.

ನನಗೆ ಸಿಕ್ಕ ಗೆಳತಿ ಯಾವ ಗುಂಪಿಗೂ ಸೇರಿದವಳಲ್ಲ. ಜೋಳದ ರೊಟ್ಟಿ, ಶೇಂಗಾ ಚಟ್ನಿಯನ್ನು ನಾನು ಡಬ್ಬಿಯ ಮುಚ್ಚಳದ ಮರೆಯಲ್ಲಿ ತಿನ್ನುವುದನ್ನು ಕಂಡವಳು, ಏನೂ ಕೇಳದೆ ಒಂದು ತುಂಡು ಮುರಿದುಕೊಂಡು ತನ್ನ ಚಿತ್ರಾನ್ನವನ್ನು ನನ್ನತ್ತ ಸರಿಸಿದಳು. ಆಮೇಲೆ ವಿಜ್ಞಾನದ ಇಂಗ್ಲಿಷ್ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಡುವುದು ಅವಳ ಪಾಲಾಯಿತು, ಹಳಗನ್ನಡ ಪದ್ಯಗಳನ್ನು ಬಿಡಿಸಿ ಹೇಳುವುದು ನನ್ನ ಪಾಲಾಯಿತು. ಎಸ್ಸೆಸ್ಸೆಲ್ಸಿಯಲ್ಲಿ ಆಗ ಒಟ್ಟು 625 ಅಂಕಗಳಲ್ಲಿ ಪ್ರಥಮ ಭಾಷೆಗೇ 125 ಇದ್ದುದರಿಂದ ಈ ವ್ಯವಹಾರದಲ್ಲಿ ನನಗೇನೂ ಕೀಳರಿಮೆಯಿರಲಿಲ್ಲ, ಬದಲಿಗೆ ತುಸು ಜಂಬವೇ ಇತ್ತು.

ಅದೇ ಜಂಬದಲ್ಲಿ ಪ್ರತಿಭಾ ಕಾರಂಜಿಯ ಕನ್ನಡ ಭಾಷಣ ಸ್ಪರ್ಧೆಗೆ ಹೆಸರು ಕೊಟ್ಟೆ. ಬಹುಮಾನ ಬರಲಿಲ್ಲವಾದರೂ, ಮರುದಿನ ಮುಂದಿನ ಬೆಂಚಿನ ಹುಡುಗಿಯೊಬ್ಬಳು ತನ್ನ ಕನ್ನಡ ಪ್ರಬಂಧವನ್ನು ತಿದ್ದಿಸಿಕೊಳ್ಳಲು ನಮ್ಮ ಬೆಂಚಿಗೆ ಬಂದಳು.