ಸ್ಮಿತಾ ಪಾಟೀಲ್: ಪಾತ್ರದೊಳಗಿನ ಹೋರಾಟ, ಪೋಸ್ಟರ್ ಮೇಲಿನ ಜಗಳ

'ಚಕ್ರ' ಸಿನಿಮಾದಲ್ಲಿ ಸ್ಮಿತಾ ಪಾಟೀಲ್ ಮಾಡಿದ್ದು ಮುಂಬೈನ ಜೋಪಡಿಯಲ್ಲಿ ಬದುಕುವ ಅಮ್ಮಾ ಎಂಬ ಹೆಂಗಸಿನ ಪಾತ್ರ. ಅದರಲ್ಲೊಂದು ಕಡೆ ಆಕೆ ಬಯಲಲ್ಲೇ ಸ್ನಾನ ಮಾಡುತ್ತಾಳೆ. ಬಚ್ಚಲುಮನೆಯೇ ಇಲ್ಲದ ಕಡೆ ಹೆಂಗಸರು ಇನ್ನು ಹೇಗೆ ಮೀಯಬೇಕು? ಕಥೆಗೆ ಅದು ಬೇಕಿತ್ತು, ಸ್ಮಿತಾ ಒಪ್ಪಿ ಮಾಡಿದರು. ಸಿನಿಮಾ ಮಾರಾಟಕ್ಕೆ ನಿಂತಾಗ ಅದೇ ದೃಶ್ಯ ಪೋಸ್ಟರ್ ಏರಿತು. ಆಗ ಸ್ಮಿತಾ ಬಾಯಿ ಮುಚ್ಚಿಕೊಂಡು ಕೂರಲಿಲ್ಲ. ಜೋಪಡಿಯ ಪಕ್ಕ ಹಾದುಹೋಗುವಾಗ ಹೀಗೆ ಮೀಯುವ ಹೆಂಗಸನ್ನು ಕಂಡರೆ ಯಾರೂ ನಿಂತು ನೋಡುವುದಿಲ್ಲ, ಪೋಸ್ಟರ್‌ನಲ್ಲಿ ಹಾಕುವುದು ಮಾತ್ರ ಜನ ನಿಂತು ನೋಡಲಿ ಅಂತಲೇ, ಇದು ಪ್ರೇಕ್ಷಕರ ಮೇಲೆ ಹೇರಿದ್ದು ಎಂಬುದು ಸಂದರ್ಶನದಲ್ಲಿ ಆಕೆ ಹೇಳಿದ ಮಾತಿನ ಸಾರ.

ಸ್ಮಿತಾ ಬಗ್ಗೆ ಬರೆಯುವವರು ಬಹಳಷ್ಟು ಸಲ ನಟನೆಯನ್ನು ಒಂದು ಕಡೆ, ಸಾಮಾಜಿಕ ಕೆಲಸವನ್ನು ಇನ್ನೊಂದು ಕಡೆ ಇಡುತ್ತಾರೆ. ಅದು ಸರಿಯಲ್ಲ. ಯಾವ ಪಾತ್ರ ಒಪ್ಪಬೇಕು, ಆ ಹೆಂಗಸು ತೆರೆಯ ಮೇಲೆ ಏನು ಕೆಲಸ ಮಾಡುತ್ತಿರಬೇಕು, ಆಮೇಲೆ ಆ ಚಿತ್ರವನ್ನು ಯಾರು ಹೇಗೆ ಮಾರಬೇಕು, ಈ ಮೂರರಲ್ಲೂ ಆಕೆ ಜಗಳ ಆಡಿದ್ದಾರೆ. ಆಕೆಯ ಹೋರಾಟ ಇದ್ದದ್ದು ಅಲ್ಲೇ.

ಹುಟ್ಟಿದ್ದು 1955ರ ಅಕ್ಟೋಬರ್ 17ರಂದು, ಪುಣೆಯಲ್ಲಿ. ತಂದೆ ಶಿವಾಜಿರಾವ್ ಗಿರಿಧರ್ ಪಾಟೀಲ್ ಮಹಾರಾಷ್ಟ್ರದಲ್ಲಿ ಮಂತ್ರಿಯಾಗಿದ್ದವರು, ತಾಯಿ ವಿದ್ಯಾ ಸಮಾಜಸೇವಕಿ. ಬಾಲ್ಯದಲ್ಲಿ ಸಮಾಜವಾದಿಗಳ ಯುವ ಸಂಘಟನೆಯಾದ ರಾಷ್ಟ್ರ ಸೇವಾ ದಳದ ಒಡನಾಟ. ಮುಂಬೈ ದೂರದರ್ಶನ ಶುರುವಾಗಿದ್ದು 1972ರಲ್ಲಿ, ಅದರ ಮರಾಠಿ ವಾರ್ತೆ ಓದುತ್ತಿದ್ದ ಹುಡುಗಿಯನ್ನು ನಿರ್ದೇಶಕ ಶ್ಯಾಮ್ ಬೆನಗಲ್ ಗುರುತಿಸಿದರು. ಜೀನ್ಸ್ ಮೇಲೆಯೇ ಕೈಮಗ್ಗದ ಸೀರೆ ಸುತ್ತಿಕೊಂಡು ಕ್ಯಾಮೆರಾ ಮುಂದೆ ಕೂರುತ್ತಿದ್ದ ಕಥೆ ಎಲ್ಲರಿಗೂ ಗೊತ್ತು. ನಮಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ವಾರ್ತೆ ಓದುವ ಕೆಲಸವೇ. ಕಪ್ಪು-ಬಿಳುಪು ಟಿವಿಯ ಸಣ್ಣ ಚೌಕಟ್ಟಿನಲ್ಲಿ ಕೈ ಆಡಿಸುವಂತಿಲ್ಲ, ತಲೆ ಅಲ್ಲಾಡಿಸುವಂತಿಲ್ಲ, ಕಣ್ಣು ಮತ್ತು ದನಿಯಲ್ಲೇ ಎಲ್ಲ ನಡೆಯಬೇಕು. ಬೆನಗಲ್ ಅವರ 'ನಿಶಾಂತ್' (1975) ಸಿನಿಮಾದಲ್ಲಿ ಸ್ಮಿತಾ ಮಾಡಿದ ರುಕ್ಮಿಣಿಯನ್ನು ನೋಡಿ. ಮಾತು ಬಹಳ ಕಡಿಮೆ. ಜಮೀನುದಾರರ ಮನೆಯ ಸೊಸೆ, ಗಂಡ ಮತ್ತು ಅವನ ಅಣ್ಣಂದಿರು ಮೇಷ್ಟ್ರ ಹೆಂಡತಿಯನ್ನು ಎಳೆದು ತಂದು ಮನೆಯಲ್ಲೇ ಇಟ್ಟುಕೊಂಡಿದ್ದಾರೆ. ಅದನ್ನು ಆಕೆ ನೋಡುವ ನೋಟದಲ್ಲೇ ಅರ್ಧ ಕಥೆ ಇದೆ. ಆಗ ಆಕೆಗೆ ಇಪ್ಪತ್ತು ತುಂಬಿರಲಿಲ್ಲ.

ಬೆನಗಲ್ ಅವರದೇ 'ಮಂಥನ್' (1976) ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಹಾಕಿ, 10 ಲಕ್ಷದಲ್ಲಿ ಮಾಡಿಸಿದ ಸಿನಿಮಾ ಅದು. ಹಳ್ಳಿಯಲ್ಲಿ ಹಾಲಿನ ಸಹಕಾರ ಸಂಘ ಕಟ್ಟಲು ಬಂದ ಪಶುವೈದ್ಯ ಡಾಕ್ಟರ್ ರಾವ್ ಆಗಿ ನಮ್ಮ ಗಿರೀಶ್ ಕಾರ್ನಾಡ್, ಜೊತೆಗೆ ಅನಂತ್ ನಾಗ್. ಸ್ಮಿತಾ ಮಾಡಿದ ಬಿಂದು ದಲಿತ ಕೇರಿಯ ಹೆಂಗಸು. ಗಂಡ ಊರಲ್ಲಿಲ್ಲ, ಕಂಕುಳಲ್ಲಿ ಮಗು, ಇರುವ ಆಸರೆ ಒಂದು ಎಮ್ಮೆ. ಹಾಲಿನ ಸ್ಯಾಂಪಲ್ ಕೇಳಿಕೊಂಡು ಬಂದ ಪೇಟೆಯ ಡಾಕ್ಟರ ಜೊತೆ ಮೊದಲು ಗಡುಸಾಗಿಯೇ ಮಾತಾಡುತ್ತಾಳೆ. ಇದು ಹಳ್ಳಿ ಹೆಂಗಸಿನ ಸಿಡುಕಲ್ಲ. ಡೇರಿಗೆ ಹಾಲು ಹಾಕುವವರಿಗೆ ಕಾರಣ ಗೊತ್ತು: ದುಡ್ಡು ನಿಂತಿರುವುದೇ ಫ್ಯಾಟ್, ಅಂದರೆ ಹಾಲಿನ ಜಿಡ್ಡಿನ ಮೇಲೆ. ಹಾಲಿನ ಸ್ಯಾಂಪಲ್‌ಗೆ ಆಸಿಡ್ ಸೇರಿಸಿ ಯಂತ್ರದಲ್ಲಿ ತಿರುಗಿಸಿದರೆ ಜಿಡ್ಡು ಬೇರೆಯಾಗಿ ಗಾಜಿನ ಕೊಳವೆಯ ಗೆರೆಗಳ ಮೇಲೆ ನಿಲ್ಲುತ್ತದೆ. ಆದರೆ ಹಾಲನ್ನು ಸರಿಯಾಗಿ ಕಲಕದೆ ತಳದಿಂದ ಸ್ಯಾಂಪಲ್ ತೆಗೆದರೆ ಫ್ಯಾಟ್ ಕಡಿಮೆ ಬರುತ್ತದೆ, ಮೇಲಿನಿಂದ ತೆಗೆದರೆ ಹೆಚ್ಚು. ಸೌಟು ಯಾರ ಕೈಯಲ್ಲಿದೆಯೋ ರೇಟು ಅವನ ಕೈಯಲ್ಲಿ. ಖಾಸಗಿ ಡೇರಿಯ ಮಿಶ್ರಾನಿಂದ ವರ್ಷಗಟ್ಟಲೆ ಮೋಸ ಹೋದವರು ಇನ್ನೊಬ್ಬ ಪೇಟೆಯವನನ್ನು ಯಾಕೆ ನಂಬಬೇಕು? ಸ್ಮಿತಾ ಬಿಂದುವಿನ ಅನುಮಾನವನ್ನು ಲೆಕ್ಕಾಚಾರವಾಗಿ ಮಾಡಿದ್ದಾರೆ, ಮೊಂಡುತನವಾಗಿ ಅಲ್ಲ. ಮುಂದೆ ಎಮ್ಮೆ ಸತ್ತು ಕೈ ಖಾಲಿಯಾದಾಗ ಅದೇ ಬಿಂದು ಮಿಶ್ರಾನ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಾಳೆ, ಅದು ಡಾಕ್ಟರ ಮೇಲಿನ ಅತ್ಯಾಚಾರದ ದೂರಾಗಿ ತಿರುಗುತ್ತದೆ. ಓದು ಬಾರದ ಬಡ ಹೆಂಗಸಿನ ಸಹಿ ಹೇಗೆ ಇನ್ನೊಬ್ಬರ ಆಯುಧವಾಗುತ್ತದೆ ಎಂಬುದನ್ನು ಯಾವ ಭಾಷಣವೂ ಇಷ್ಟು ನೇರವಾಗಿ ಹೇಳಿಲ್ಲ. ಈ ಸಿನಿಮಾದ 16 ಎಂ.ಎಂ. ಪ್ರಿಂಟ್‌ಗಳನ್ನು ಹಳ್ಳಿಗಳಿಗೆ ಒಯ್ದು ತೋರಿಸಿ ಹಾಲಿನ ಸಂಘ ಕಟ್ಟಿಸಿದ್ದೂ ಉಂಟು.

ಮರುವರ್ಷ ಬೆನಗಲ್ ಅವರ 'ಭೂಮಿಕಾ'. ಮರಾಠಿ ನಟಿ ಹಂಸಾ ವಾಡ್ಕರ್ ಅವರ ಆತ್ಮಕಥೆಯ ಆಧಾರ, ಚಿತ್ರಕಥೆಯಲ್ಲಿ ಕಾರ್ನಾಡರ ಕೈಯೂ ಇತ್ತು. ಹೆಂಡತಿಯ ದುಡಿಮೆ ತಿನ್ನುತ್ತಾ ಅವಳ ಶೀಲದ ಲೆಕ್ಕ ಕೇಳುವ ಗಂಡನಾಗಿ ಅಮೋಲ್ ಪಾಲೇಕರ್, ಸಿರಿವಂತಿಕೆ ಕೊಟ್ಟು ಹೊಸಿಲು ದಾಟಲು ಬಿಡದ ಕಾಳೆಯಾಗಿ ಅಮರೀಶ್ ಪುರಿ. ಆ ನಟಿಯ ಪಾತ್ರಕ್ಕೆ ಸ್ಮಿತಾಗೆ ರಾಷ್ಟ್ರಪ್ರಶಸ್ತಿ ಬಂತು. ಎರಡನೆಯದು 'ಚಕ್ರ'ಕ್ಕೆ.

ಇಷ್ಟಾದ ಮೇಲೂ ಆಕೆಯ ದಾರಿ ಸುಗಮವಾಗಲಿಲ್ಲ, ಇದನ್ನು ಅಭಿಮಾನಿಗಳು ಕೂಡ ಮರೆಯುತ್ತಾರೆ. ಸುಮಾರು ಐದು ವರ್ಷ ಕಮರ್ಷಿಯಲ್ ಸಿನಿಮಾಗಳ ಅವಕಾಶವನ್ನೆಲ್ಲ ಆಕೆ ಬೇಡವೆಂದಿದ್ದರು. 1977-78ರ ಹೊತ್ತಿಗೆ ಸಣ್ಣ ಬಜೆಟ್ಟಿನ ಸಿನಿಮಾಗಳು ಸ್ವಲ್ಪ ಕಾಲೂರಿದ ತಕ್ಷಣ ಅಲ್ಲೂ 'ಹೆಸರು' ಬೇಕಾಯಿತು. ಒಂದೆರಡು ಚಿತ್ರಗಳಿಂದ ತನ್ನನ್ನು ಮುಲಾಜಿಲ್ಲದೆ ಕೈಬಿಟ್ಟರು ಎಂದು ಸ್ಮಿತಾ ಹೇಳಿಕೊಂಡಿದ್ದಾರೆ. ಸಣ್ಣ ಸಿನಿಮಾಕ್ಕೆ ಸಾಲ ಹೇಗೋ ಹುಟ್ಟುತ್ತಿತ್ತು, ಥಿಯೇಟರ್ ಹುಟ್ಟುತ್ತಿರಲಿಲ್ಲ. ಹಂಚಿಕೆದಾರ ಕೈಹಾಕಬೇಕಾದರೆ ಪೋಸ್ಟರ್ ಮೇಲೆ ಜನಕ್ಕೆ ಗೊತ್ತಿರುವ ಮುಖ ಬೇಕು. ಆ ಮುಖ ತನ್ನದೇ ಆಗಲಿ ಎಂದು ಆಕೆ 'ಶಕ್ತಿ', 'ನಮಕ್ ಹಲಾಲ್' (ಎರಡೂ 1982) ಒಪ್ಪಿಕೊಂಡರು. 'ನಮಕ್ ಹಲಾಲ್' ಸಿನಿಮಾದ ಮಳೆ ಹಾಡನ್ನು ಹಿಡಿದು ಆಕೆ ರಾಜಿಯಾದರು ಎನ್ನುವವರಿದ್ದಾರೆ. ಅದೇ ವರ್ಷ ಬಂದ 'ಉಂಬರಠಾ', 'ಬಾಜಾರ್', 'ಅರ್ಥ್' ನೋಡಿದರೆ ಆ ಮಾತು ನಿಲ್ಲುವುದಿಲ್ಲ.

ಜಬ್ಬಾರ್ ಪಟೇಲ್ ಅವರ 'ಉಂಬರಠಾ' ನಮ್ಮ ಲೆಕ್ಕದಲ್ಲಿ ಆಕೆಯ ಅತ್ಯಂತ ಧೈರ್ಯದ ಕೆಲಸ. ವಕೀಲ ಗಂಡ (ಇಲ್ಲೂ ಕಾರ್ನಾಡರೇ), ಪುಟ್ಟ ಮಗಳು, ಅನುಕೂಲಸ್ಥ ಮನೆ. ಅದನ್ನೆಲ್ಲ ಬಿಟ್ಟು ಸುಲಭಾ ದೂರದ ಊರಿನ ಮಹಿಳಾಶ್ರಮಕ್ಕೆ ಮೇಲ್ವಿಚಾರಕಿಯಾಗಿ ಹೋಗುತ್ತಾಳೆ. ಅಲ್ಲಿ ಆಡಳಿತ ಮಂಡಳಿ, ದುಡ್ಡು ನುಂಗುವವರು, ಆಶ್ರಮದ ಹೆಣ್ಣುಮಕ್ಕಳನ್ನು ಬಳಸಿಕೊಳ್ಳುವ ದೊಡ್ಡ ಮನುಷ್ಯರು. ಸುಲಭಾ ಗೆಲ್ಲುವುದಿಲ್ಲ. ಮನೆಗೆ ಮರಳಿದರೆ ಗಂಡನಿಗೆ ಇನ್ನೊಂದು ಸಂಬಂಧ. ಆಕೆ ಮತ್ತೆ ಹೊರಡುತ್ತಾಳೆ. ಮಗು ಬಿಟ್ಟು ಹೋದ ತಾಯಿಯನ್ನು ಸ್ಮಿತಾ ಕಣ್ಣೀರಿನ ಮೂಲಕ ಕ್ಷಮಿಸಿ ಎಂದು ಕೇಳಿಕೊಳ್ಳುವುದಿಲ್ಲ, ಅದೇ ಅದರ ಬಲ. ತೆರೆಯ ಹೊರಗೂ ಆಕೆ ಮುಂಬೈನ ವಿಮೆನ್ಸ್ ಸೆಂಟರ್ ಸದಸ್ಯೆಯಾಗಿದ್ದರು.

1985ರಲ್ಲಿ ಪದ್ಮಶ್ರೀ. 1986ರ ನವೆಂಬರ್ 28ರಂದು ಮಗ ಹುಟ್ಟಿದ, ಹೆರಿಗೆಯ ನಂತರದ ತೊಂದರೆಗಳಿಂದ ಡಿಸೆಂಬರ್ 13ರಂದು ಸ್ಮಿತಾ ತೀರಿಕೊಂಡರು. ವಯಸ್ಸು 31. ಕೇತನ್ ಮೆಹ್ತಾ ಅವರ 'ಮಿರ್ಚ್ ಮಸಾಲಾ' ಆಮೇಲೆ ತೆರೆಕಂಡಿತು. ಕಂದಾಯ ವಸೂಲಿಗೆ ಬಂದ ಸುಬೇದಾರನ ಕೆನ್ನೆಗೆ ಬಾರಿಸಿ ಮೆಣಸಿನಪುಡಿ ಕಾರ್ಖಾನೆಯೊಳಗೆ ಓಡಿಬಂದ ಸೋನ್‌ಬಾಯಿಯನ್ನು ಊರು ಒಪ್ಪಿಸಿಬಿಡಲು ತಯಾರು. ಒಳಗಿನ ಹೆಂಗಸರಲ್ಲೂ ಕೆಲವರು 'ಹೋಗಿಬಿಡು' ಎನ್ನುತ್ತಾರೆ. ಕೊನೆಗೆ ಸುಬೇದಾರನ ಕಣ್ಣಿಗೆ ಖಾರ ಎರಚುವವರೂ ಆ ಹೆಂಗಸರೇ.

ಹೊಸದಾಗಿ ನೋಡುವವರು 'ಮಂಥನ್'ನಿಂದ ಶುರು ಮಾಡಿ. 2024ರಲ್ಲಿ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಅದನ್ನು ಮರುಜೀವಗೊಳಿಸಿ ಕಾನ್ ಚಿತ್ರೋತ್ಸವದಲ್ಲಿ ತೋರಿಸಿತು. ಹಳೆಯ ಸವೆದ ಕಾಪಿಗಳಲ್ಲಿ ಮಬ್ಬಾಗಿದ್ದ ಬಿಂದುವಿನ ಮುಖ ಹೊಸ ಆವೃತ್ತಿಯಲ್ಲಿ ಸ್ಪಷ್ಟವಾಗಿದೆ, ಸಿಕ್ಕರೆ ಅದನ್ನೇ ನೋಡಿ. 'ಭೂಮಿಕಾ'ದಲ್ಲಿ ಬಣ್ಣ ಹೋಗಿ ಕಪ್ಪು-ಬಿಳುಪು ಬಂದರೆ ಕಾಪಿ ಕೆಟ್ಟಿದೆ ಎಂದುಕೊಳ್ಳಬೇಡಿ, ಕಥೆ ಹಿಂದಿನ ಕಾಲಕ್ಕೆ ಹೋಗಿದೆ ಎಂದರ್ಥ. 'ಉಂಬರಠಾ' ಹಿಂದಿಯಲ್ಲಿ 'ಸುಬಹ್' ಆಗಿಯೂ ಇದೆ, ಆದರೆ ಸ್ಮಿತಾ ತಾಯ್ನುಡಿಯಲ್ಲಿ ಹೇಗೆ ಉಸಿರು ಎಳೆದು ಮಾತಾಡುತ್ತಾರೆ ಎಂಬುದಕ್ಕಾಗಿ ಮರಾಠಿಯದೇ ಬೇಕು. ಕನ್ನಡದಲ್ಲಿ ಆಕೆಯನ್ನು ನೋಡಬೇಕೆಂದರೆ ಟಿ.ಎಸ್. ನಾಗಾಭರಣ ಅವರ 'ಅನ್ವೇಷಣೆ' (1983) ಇದೆ.